ಲಾರಿ ಕಾಟಾದ ಮೇಲೆ ಬೂಟಿನ ಕುಣಿತ

ನನಗೆ ಕುಣಿತ ಬರುವುದಿಲ್ಲ. ಹಾಡಂತೂ ಮೊದಲೇ ಇಲ್ಲ. ಹೊಸಪೇಟೆಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿಕೊಂಡು ನನ್ನ ಪಾಡಿಗೆ ನಾನು ಇದ್ದವಳು. ಆಫ್ರಿಕಾದಿಂದ ಹಾಡು ಕುಣಿತದ ತಂಡವೊಂದು ಬರುತ್ತದೆ, ವಾರದ ಮಟ್ಟಿಗೆ ಜೊತೆಗಿದ್ದು ಅವರ ಮಾತನ್ನು ನಮ್ಮವರಿಗೆ, ನಮ್ಮವರ ಮಾತನ್ನು ಅವರಿಗೆ ತಿರುಗಿಸಿ ಹೇಳಬೇಕು ಎಂದು ಪ್ರಿನ್ಸಿಪಾಲರು ಹೇಳಿದಾಗ ಮೂಗು ಮುರಿದೆ. ಮೇಜಿನ ಮೇಲೆ ಉತ್ತರಪತ್ರಿಕೆಗಳು ರಾಶಿ ಬಿದ್ದಿದ್ದವು. "ಮೇಡಂ, ನಿಮ್ಮಷ್ಟು ಜೋರಾಗಿ ಮಾತಾಡೋರು ನಮ್ಮ ಕಾಲೇಜ್‌ನ್ಯಾಗ ಇನ್ಯಾರದಾರ್ರಿ?" ಅಂದರು. ಅದು ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ. ಆದರೂ ಒಪ್ಪಿಕೊಂಡೆ.

ತಂಡ ಬೆಳಿಗ್ಗೆಯ ರೈಲಿಗೆ ಬಂದಿಳಿಯಿತು. ಹೆಚ್ಚಿನವರು ದಕ್ಷಿಣ ಆಫ್ರಿಕಾದವರು. ಪಶ್ಚಿಮ ಆಫ್ರಿಕಾದ ಒಬ್ಬ ಡೋಲು ಬಾರಿಸುವವನೂ ಬ್ರೆಜಿಲಿನ ಒಬ್ಬ ಹುಡುಗಿಯೂ ಇದ್ದರು. ದೇಶ ದೇಶ ಸುತ್ತಿ ತಮ್ಮ ಹಿರಿಯರ ಹಾಡು ಕುಣಿತಗಳನ್ನು ತೋರಿಸುವುದೇ ಇವರ ಕಸುಬು. ಮುಂದಾಳು ಐವತ್ತು ದಾಟಿದ ಎತ್ತರದ ಹೆಂಗಸು. ನರೆತ ಕೂದಲನ್ನು ತಲೆಗೆ ಅಂಟುವಂತೆ ಕತ್ತರಿಸಿಕೊಂಡಿದ್ದಳು. ನಕ್ಕರೆ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿದ್ದವರೂ ತಿರುಗಿ ನೋಡಬೇಕು. ಅವರ ಒಂದು ದೊಡ್ಡ ಚೀಲದ ಬಾಯಿಂದ ಮೊಣಕಾಲುದ್ದದ ಕರಿ ರಬ್ಬರಿನ ಗಮ್‌ಬೂಟುಗಳು ಇಣುಕುತ್ತಿದ್ದವು. ಸಾಮಾನು ಹೊತ್ತ ಹಮಾಲಿ ಅವನ್ನು ನೋಡಿ, "ಇವ್ರು ಬೋರ್‌ವೆಲ್ ಹೊಡಿಯಾಕ ಬಂದಾರೇನ್ರಿ ಅಕ್ಕಾರ?" ಎಂದು ಕೇಳಿದ. ಕುಣಿಯೋಕೆ ಬಂದಿದ್ದಾರೆ ಅಂದೆ. ಅವನು ಬೂಟುಗಳನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಮುಂದೆ ನಡೆದ.

ಮುರಿದ ಮೂಗು ಎರಡನೆಯ ದಿನಕ್ಕೇ ನೆಟ್ಟಗಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಹಂಪಿಯಲ್ಲಿ, ಹೊಳೆ ದಂಡೆಯ ಹತ್ತಿರದ ಒಂದು ಕಲ್ಲು ಮಂಟಪದಲ್ಲಿ ಬಿಸಿಲಿಗೆ ಕೂತು ಸುಧಾರಿಸಿಕೊಳ್ಳುತ್ತಿದ್ದೆವು. ಯಾರೂ ಹೇಳದೆ, ಯಾರೂ ಕೈ ಎತ್ತದೆ ಅವರು ಹಾಡಲು ತೊಡಗಿದರು. ವಾದ್ಯವಿಲ್ಲ, ಮೈಕಿಲ್ಲ. ಗಂಡಸರ ದನಿ ಕೆಳಗೆ ನೆಲದ ಮೇಲೆ ಹರಡಿತು, ಹೆಂಗಸರ ದನಿ ಅದರ ಮೇಲೆ ನಿಂತಿತು. ಮಂಟಪ ತುಂಬಿ, ಕಲ್ಲಿಗೆ ಒರಗಿದ್ದ ನನ್ನ ಬೆನ್ನು ಸಣ್ಣಗೆ ನಡುಗಿತು. ಎಳನೀರು ಮಾರುವವನು ಮಚ್ಚು ಕೆಳಗಿಟ್ಟು ನಿಂತುಬಿಟ್ಟ. ನಾನು ಹುಟ್ಟಿದ ಸೀಮೆಯಲ್ಲಿ, ನೂರು ಸಲ ಓಡಾಡಿದ ಜಾಗದಲ್ಲಿ, ಇಂಥದ್ದೊಂದನ್ನು ಕೇಳಿರಲಿಲ್ಲ. ನನಗೆ ಅಳು ಬಂತು.

ಐದನೆಯ ದಿನ ಕಂಪ್ಲಿಯಲ್ಲಿ ಒಂದು ಶಾಲೆಯ ಬಯಲಿನಲ್ಲಿ ಕಾರ್ಯಕ್ರಮ. ಸಂಜೆ ವ್ಯಾನಿನಲ್ಲಿ ಭತ್ತದ ಗದ್ದೆಗಳ ನಡುವೆ ವಾಪಸು ಬರುವಾಗ ಮುಂದಾಳು ನನ್ನ ಪಕ್ಕಕ್ಕೆ ಬಂದು ಕುಳಿತು, ಕೊನೆಯ ಕಾರ್ಯಕ್ರಮ ಇರುವ ಯಶವಂತನಗರ ಎಂಥ ಊರು ಎಂದು ಕೇಳಿದಳು. ಸಂಡೂರಿನ ಹತ್ತಿರ, ಕಬ್ಬಿಣದ ಗಣಿ ಕೆಲಸದವರ ಊರು, ನನ್ನ ಅಪ್ಪನೂ ಆ ಗುಡ್ಡಗಳಲ್ಲೇ ಡ್ರಿಲ್ಲಿಂಗ್ ಕೆಲಸ ಮಾಡಿದವನು ಅಂದೆ. ಆಕೆ ನನ್ನ ಮೊಣಕೈ ಹಿಡಿದುಕೊಂಡಳು. ಬಿಡಲೇ ಇಲ್ಲ.

ಅವಳ ಅಪ್ಪ ಚಿನ್ನದ ಗಣಿಯವನಂತೆ. ಹಳ್ಳಿ ಬಿಟ್ಟು ಬಂದು ನೆಲದ ಕೆಳಗೆ, ಕತ್ತಲಲ್ಲಿ, ಮೊಣಕಾಲು ಮುಳುಗುವ ನೀರಿನಲ್ಲಿ ನಿಂತು ಕೆಲಸ. ನೀರು ತೆಗೆಸುವುದಕ್ಕಿಂತ ಅಗ್ಗ ಎಂದು ಮಾಲೀಕರು ಗಮ್‌ಬೂಟು ಕೊಟ್ಟರಂತೆ. ಒಳಗೆ ಮಾತಾಡುವ ಹಾಗಿಲ್ಲ. ಆಗ ಅವರು ಬೂಟು ಬಡಿದು ಮಾತಾಡಿಕೊಂಡರು. ಒಂದು ಬಡಿತಕ್ಕೆ ಬಂದೆ, ಇನ್ನೊಂದಕ್ಕೆ ಸಾಹೇಬ ಬಂದ, ಮತ್ತೊಂದಕ್ಕೆ ಹುಷಾರು. ಅದೇ ಬಡಿತ ರಜೆಯ ದಿನ ಅಂಗಳಕ್ಕೆ ಬಂದು ಕುಣಿತವಾಯಿತು. ಅಪ್ಪ ಕುಣಿದದ್ದನ್ನು ನೋಡಿ ನೋಡಿ ಮಗಳು ಕಲಿತಳು. ಹೆಂಗಸರಿಗೆ ಗಣಿಯೊಳಗೆ ಹೋಗಲು ಬಿಡುತ್ತಿರಲಿಲ್ಲವಾದ್ದರಿಂದ ಅವಳು ಗಣಿಯ ಒಳಗನ್ನು ಕಂಡವಳಲ್ಲ.

"ನಾನು ಎಷ್ಟೋ ದೇಶಗಳಲ್ಲಿ ಇದನ್ನು ಕುಣಿದಿದ್ದೇನೆ. ಎಲ್ಲ ಕಡೆ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದಾರೆ. ಅವರಲ್ಲಿ ಒಬ್ಬರೂ ಗಣಿಯಲ್ಲಿ ದುಡಿದವರಲ್ಲ. ಅಪ್ಪ ಹೋಗಿಬಿಟ್ಟ. ನಾನು ಕುಣಿಯುವುದು ಸರಿಯಿದೆಯೋ ಇಲ್ಲವೋ ಎಂದು ಹೇಳುವವರೇ ನನಗೆ ಉಳಿದಿಲ್ಲ. ನಿನ್ನ ಅಪ್ಪ ನೋಡಿ ಹೇಳಬಹುದೇ?" ಅಂದಳು. ನಗುತ್ತಿರಲಿಲ್ಲ. ದೇಶ ತಿರುಗಿದ ಹೆಂಗಸು ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಕೇಳಿದ್ದು ನೋಡಿ ನನಗೆ ಕಕ್ಕುಲಾತಿಯಾಯಿತು. ಹೇಳಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಅಪ್ಪ ನನ್ನ ಜೊತೆ ಹೊಸಪೇಟೆಯಲ್ಲೇ ಇರುತ್ತಾನೆ. ಹುಟ್ಟಿದ್ದು ಪಾಪಿನಾಯಕನಹಳ್ಳಿ, ದುಡಿದದ್ದು ಗುಡ್ಡದ ಒಂದು ಸಣ್ಣ ಗಣಿಯಲ್ಲಿ. ಅದು ಮುಚ್ಚಿ ಬಹಳ ಕಾಲವಾಗಿದೆ. ಗಣಿಯ ಬಗ್ಗೆ ಬಾಯಿ ಬಿಡುವ ಜಾತಿಯಲ್ಲ ಅವನು. ಮನೆಗೆ ಹೋಗಿ ವಿಷಯ ಹೇಳಿದರೆ, "ನಾ ಏನ್ ಹೇಳ್ಲಿ ಲೇ ಆಕಿಗೆ? ನನಗೇನ್ ಕುಣತ ಗೊತ್ತೈತಿ?" ಅಂದ.

"ಗಣಿ ಗೊತ್ತೈತಲ್ಲಪ್ಪ."

"ಅದರಾಗ ನೋಡೋದೇನೈತಿ?"

ಹಳೆಯ ಜೊತೆಗಾರರೆಲ್ಲ ಬರುತ್ತಾರಂತೆ ಎಂದು ನಾನು ಹೇಳಿದ ಮೇಲೆ ಇಸ್ತ್ರಿ ಮಾಡಿದ ಅಂಗಿ ಕೇಳಿದ. ಮರುದಿನ ವ್ಯಾನಿನಲ್ಲಿ ಡ್ರೈವರ್ ಪಕ್ಕದ ಸೀಟು ಹಿಡಿದು ಕುಳಿತ. ಸಂಡೂರಿನ ಗುಡ್ಡ ಕಂಡ ಮೇಲೆ ಕಿಟಕಿ ಇಳಿಸಿದ. ಕೆಂಪು ಧೂಳು ಕುಡಿದ ಗಿಡಗಳನ್ನು ನೋಡಿ ತಂಡದವರು ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡರು. ತಮ್ಮೂರಿನ ಹತ್ತಿರವೂ ಗಿಡಗಳಿಗೆ ಮಣ್ಣಿನ ಬಣ್ಣವೇ ಎಂದು ಮುಂದಾಳು ನನಗೆ ಹೇಳಿದಳು.

ಯಶವಂತನಗರದ ಸಮುದಾಯ ಭವನವನ್ನು ಮದುವೆ ಮನೆಯ ಹಾಗೆ ಸಿಂಗರಿಸಿದ್ದರು. ಬಾಗಿಲಿಗೆ ರಂಗೋಲಿ, ವೇದಿಕೆಯ ಮೇಲೆ ಚೆಂಡು ಹೂವಿನ ಹಾರ ಹಾಕಿದ ಸರಸ್ವತಿಯ ಫೋಟೊ, ಎದುರಿಗೆ ಹಚ್ಚಿದ ದೀಪ. ಮುಂದಿನ ಸಾಲುಗಳಲ್ಲಿ ಗಣಿಯಲ್ಲಿ ದುಡಿದ ಮುದುಕರು, ಹಿಂದೆ ಈಗಲೂ ದುಡಿಯುವವರು, ಅವರ ಹೆಂಡಿರು ಮಕ್ಕಳು. ಅಪ್ಪನನ್ನು ಜೊತೆಗಾರರು ಮಧ್ಯದಲ್ಲಿ ಕೂರಿಸಿಕೊಂಡರು. ಉಪ್ಪಿಟ್ಟು, ಚಹಾ ಆಯಿತು. ಇನ್ನೇನು ಶುರುವಾಗಬೇಕು ಅನ್ನುವಾಗ ಮುಂದಾಳು ಪರದೆಯ ಸಂದಿಯಿಂದ ನನ್ನನ್ನು ಕರೆದಳು. ಬೂಟುಗಳಿಲ್ಲ ಅಂದಳು.

ಒಳಗಿನ ಕೋಣೆಯಲ್ಲಿ ಇಲ್ಲ, ವ್ಯಾನಿನಲ್ಲಿ ಇಲ್ಲ. ಹುಡುಕುತ್ತ ಮುಂಬಾಗಿಲಿಗೆ ಬಂದರೆ ಅಲ್ಲಿವೆ! ನೂರಾರು ಚಪ್ಪಲಿಗಳ ಪಕ್ಕದಲ್ಲಿ, ಜೋಡಿ ಜೋಡಿಯಾಗಿ, ಒರೆಸಿ, ಮೂತಿ ಗೋಡೆಗೆ ಮಾಡಿ ನಿಲ್ಲಿಸಿದ್ದಾರೆ. ಝಲ್ ಝಲ್ ಅನ್ನಲೆಂದು ಕಾಲಿಗೆ ಕಟ್ಟುವ ಸೋಡಾ ಬಾಟಲಿಯ ಮುಚ್ಚಳಗಳ ಸರಗಳನ್ನೂ ಬಿಚ್ಚಿ ಅವುಗಳೊಳಗೆ ಸುತ್ತಿಟ್ಟಿದ್ದಾರೆ. ಕಸ ಗುಡಿಸುವ ಹೆಂಗಸು ಹೆಮ್ಮೆಯಿಂದ ಮುಂದೆ ಬಂದಳು. "ಪಾಪ, ಗೊತ್ತಾಗದ ಒಳಗ ಬಿಟ್ಟಿದ್ರು ನೋಡ್ರಿ ಅಕ್ಕಾರ. ಯಾರರ ಏನರ ಅಂದಾರು ಅಂತ ನಾನ ಹೊರಗ ಇಟ್ಟೀನಿ." ಅವಳನ್ನು ಬೈಯುವುದು ಹೇಗೆ? ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಬೂಟು ಎತ್ತಿಕೊಂಡು ಒಳಗೆ ಹೊರಟರೆ ಭವನದ ಕಾರ್ಯದರ್ಶಿ ಅಡ್ಡ ಬಂದ. ಒಳ್ಳೆಯ ಮನುಷ್ಯ, ಬೆಳಗಿನಿಂದ ಊಟ ಬಿಟ್ಟು ಓಡಾಡಿದವನು. "ಮೇಡಂ, ದೀಪ ಹಚ್ಚೀವ್ರಿ. ಪೂಜಿ ಆಗೇತಿ. ಬೂಟ್ ಹಾಕ್ಕೊಂಡು ಹತ್ತಾಕ ಹೆಂಗ ಬಿಡ್ಲಿ? ಬರಿಗಾಲಾಗ ಕುಣೀರಿ ಅಂತ ಹೇಳ್ರಿ."

"ಬೂಟೇ ಅವರ ವಾದ್ಯ ರೀ. ತಬಲಾ ಹೊರಗಿಟ್ಟು ಬಾ ಅಂತ ತಬಲಾದವರಿಗೆ ಹೇಳ್ತೀರೇನು?"

"ತಬಲಾನ ಕಾಲಿಗೆ ಹಾಕ್ಕೊಳ್ಳಂಗಿಲ್ಲಲ್ರಿ ಮೇಡಂ."

ನನ್ನ ಸಿಟ್ಟು ನೆತ್ತಿಗೇರಿತು. ಅಪ್ಪನನ್ನಾದರೂ ಕರೆಯೋಣ, ಅವನು ನನ್ನ ಪರ ಹೇಳಿಯಾನು ಎಂದುಕೊಂಡೆ. ಅಪ್ಪ ಎದ್ದು ಬಂದು ಎಲ್ಲ ಕೇಳಿಸಿಕೊಂಡು, "ಆತ ಹೇಳೋದು ಬರೋಬರಿ ಐತಿ. ಬೂಟು ಒಳಗ ತರೋದಲ್ಲ," ಅಂದ. ನಾನು ಹಲ್ಲು ಕಡಿದೆ. ದುಡಿಯುತ್ತಿದ್ದ ಕಾಲದಲ್ಲಿ ಅಪ್ಪನ ಗಮ್‌ಬೂಟು ನಮ್ಮ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಅವ್ವ ಹೊರಗಿನ ನಲ್ಲಿಯ ಹತ್ತಿರ ನೀರು ಹಾಕಬೇಕು, ಇವನು ತಿಕ್ಕಿ ತೊಳೆಯಬೇಕು, ಕೆಂಪು ನೀರು ಹರಿದು ಬೆಳ್ಳಗಾದ ಮೇಲೆಯೇ ಮನೆಯೊಳಗೆ ಕಾಲು. ಇಂಥವನನ್ನು ನ್ಯಾಯಕ್ಕೆ ಕರೆದದ್ದು ನನ್ನದೇ ದಡ್ಡತನ.

ವಿಧಿಯಿಲ್ಲದೆ ಮುಂದಾಳಿಗೆ ಎಲ್ಲ ತಿರುಗಿಸಿ ಹೇಳಿದೆ. ಆಕೆ ರೇಗುತ್ತಾಳೆ ಅಂದುಕೊಂಡಿದ್ದೆ. ರೇಗಲಿಲ್ಲ. "ನಾಳೆ ನಾವು ಹೊರಡುತ್ತೇವೆ. ಇಷ್ಟು ಜನ ಗಣಿಯವರು ಒಟ್ಟಿಗೆ ಕೂತದ್ದು ನನಗೆ ಮತ್ತೆ ಸಿಗುವುದಿಲ್ಲ. ಬರಿಗಾಲಲ್ಲಿ ಬೇರೆ ಎಷ್ಟು ಕುಣಿತ ಬೇಕಾದರೂ ಕುಣಿಯುತ್ತೇವೆ. ಬರಿಗಾಲಲ್ಲಿ ಕುಣಿದರೆ ಇದು ನನ್ನ ಅಪ್ಪನ ಕುಣಿತ ಆಗುವುದಿಲ್ಲ, ಅಷ್ಟೇ," ಅಂದಳು. ಅಂದು ಬೂಟುಗಳ ಪಕ್ಕ ಮೆಟ್ಟಿಲ ಮೇಲೆ ಕುಳಿತಳು.

ನಾನು ಅದನ್ನು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. ಕಾರ್ಯದರ್ಶಿ ತಲೆ ಕೆರೆದುಕೊಂಡ. ಅಪ್ಪ ಒಂದು ಬೂಟನ್ನು ಕೈಗೆ ತೆಗೆದುಕೊಂಡು, ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಕೆಳಗಿಟ್ಟ. ಆಮೇಲೆ ಗೇಟು ದಾಟಿ ರಸ್ತೆ ಬದಿಗೆ ನಡೆದ. ಅಲ್ಲಿ ಒಂದು ಹಳೆಯ ಕಾಟಾ ಇದೆ. ಅದಿರಿನ ಲಾರಿಗಳನ್ನು ತೂಗುತ್ತಿದ್ದ ಕಾಟಾ ಅದು. ಇಡೀ ಲಾರಿ ಹತ್ತಿ ನಿಲ್ಲುವಷ್ಟು ಉದ್ದದ ಉಕ್ಕಿನ ಹಲಗೆ, ಅದರ ಕೆಳಗೆ ಪೊಳ್ಳು ಗುಂಡಿ. ಈಗ ಅಲ್ಲಿ ಯಾವ ಲಾರಿಯೂ ನಿಲ್ಲುವುದಿಲ್ಲ. ಅಂಚಿಗೆ ಹುಲ್ಲು ಬೆಳೆದಿದೆ, ತೂಕ ಬರೆಯುತ್ತಿದ್ದವನ ಕೋಣೆಗೆ ಗಾಜಿಲ್ಲ. ಅಪ್ಪ ಅದರ ನಡುವೆ ನಿಂತು ಕಾಲೆತ್ತಿ ಒಮ್ಮೆ ಬಲವಾಗಿ ಒದ್ದ. ಧಂ ಅಂತ ಸದ್ದು ಭವನದ ಗೋಡೆಗೆ ಬಡಿದು ವಾಪಸು ಬಂತು. ಅವನ ಇಬ್ಬರು ಜೊತೆಗಾರರೂ ಹತ್ತಿ, ಆ ತುದಿಯಿಂದ ಈ ತುದಿಗೆ ತುಳಿದು, ಹಲಗೆ ಗಟ್ಟಿ ಇದೆ ಅಂದರು.

"ಇಲ್ಲಿ ಕುಣೀಲಿ. ಇಲ್ಲೇನು ದೇವರಿಲ್ಲ," ಅಂದ ಅಪ್ಪ.

ಕಾರ್ಯದರ್ಶಿಯ ಮುಖದಲ್ಲಿ ಜೀವ ಬಂತು. ಅರೆ ಗಳಿಗೆಯಲ್ಲಿ ಇಡೀ ಸಭೆ ಕುರ್ಚಿ ತಲೆ ಮೇಲೆ ಹೊತ್ತು ಹೊರಗೆ ಬಂತು. ಮುದುಕರಿಗೆ ಕಾಟಾದ ಪಕ್ಕದಲ್ಲೇ ಜಾಗ ಮಾಡಿಕೊಟ್ಟರು. ಹೊತ್ತು ಗುಡ್ಡದ ಕಡೆ ಇಳಿಯುತ್ತಿತ್ತು. ತಂಡದವರು ಮೆಟ್ಟಿಲ ಮೇಲೆ ಕೂತು ಬೂಟು ಹಾಕಿಕೊಂಡು, ಮುಚ್ಚಳದ ಸರ ಕಟ್ಟಿಕೊಂಡು, ಒಬ್ಬರ ಹಿಂದೊಬ್ಬರು ಉಕ್ಕಿನ ಮೇಲೆ ಬಂದು ನಿಂತರು.

ಮೊದಲ ಹೆಜ್ಜೆ ಬಿದ್ದಾಗ ನಾನು ನಿಜಕ್ಕೂ ಬೆಚ್ಚಿ ಕುರ್ಚಿಯ ಕೈ ಹಿಡಿದೆ. ಎಲ್ಲರ ಬೂಟುಗಳೂ ಒಟ್ಟಿಗೆ ಬಿದ್ದಿದ್ದವು. ಸದ್ದು ಕಿವಿಗೆ ಬರುವ ಮೊದಲು ಅಂಗಾಲಿಗೆ ಬಂತು. ಮಣ್ಣಿನ ಕೆಳಗಿನಿಂದ ಯಾರೋ ಗುದ್ದಿದ ಹಾಗೆ. ಆಮೇಲೆ ಅಂಗೈಗಳು ಇಳಿದವು. ಮೀನಖಂಡದ ಹತ್ತಿರ ರಬ್ಬರಿನ ಮೇಲೆ ಚಟ್, ಹಿಮ್ಮಡಿಗೆ ಹಿಮ್ಮಡಿ ತಾಗಿ ಟಕ್, ಮುಚ್ಚಳಗಳು ಝಲ್, ಉಕ್ಕು ಧಂ. ಒಬ್ಬ ಕೇಳುತ್ತಾನೆ, ಇನ್ನೊಬ್ಬಳು ಉತ್ತರ ಕೊಡುತ್ತಾಳೆ, ಉಳಿದವರೆಲ್ಲ ಒಟ್ಟಾಗಿ ಮೇಲೆ ಬೀಳುತ್ತಾರೆ. ಬಾಯಿ ಯಾರದೂ ತೆರೆದಿಲ್ಲ. ಅದು ಮಾತೇ, ಅದರಲ್ಲಿ ನನಗೆ ಅನುಮಾನವಿರಲಿಲ್ಲ. ನಾನು ಮಾತಿನಿಂದಲೇ ಹೊಟ್ಟೆ ಹೊರೆಯುವವಳು. ಬಾಯಿಗೆ ಬೀಗ ಹಾಕಿಸಿಕೊಂಡ ಮನುಷ್ಯರು ಕಾಲಿನಿಂದ ಇಷ್ಟು ಮಾತಾಡಬಲ್ಲರು ಎಂದು ಯಾವ ತರಗತಿಯಲ್ಲೂ ನನಗೆ ಯಾರೂ ಹೇಳಿರಲಿಲ್ಲ.

ಗಣಿಯ ಬಸ್ಸೊಂದು ರಸ್ತೆಯಲ್ಲಿ ನಿಂತಿತು, ಕೆಲಸ ಮುಗಿಸಿ ಬಂದವರು ಹೆಲ್ಮೆಟ್ ಕೈಯಲ್ಲಿ ಹಿಡಿದು ಇಳಿದರು. ಅವರ ಕಾಲಲ್ಲೂ ಬೂಟು. ಉಕ್ಕಿನ ಸಂದುಗಳಿಂದ ಎಷ್ಟೋ ಕಾಲದ ಅದಿರಿನ ಪುಡಿ ಎದ್ದು ಕುಣಿಯುವವರ ಮೊಣಕಾಲಿನ ತನಕ ಕೆಂಪಾಗಿ ನಿಂತಿತು. ಇಳಿ ಬಿಸಿಲು ಅದರ ಮೇಲೆ ಬಿದ್ದು, ಆ ದೇಶದವರು ಯಾರು, ಈ ದೇಶದವರು ಯಾರು ಎಂಬುದು ಒಂದು ಗಳಿಗೆ ನನಗೆ ತಿಳಿಯದೇ ಹೋಯಿತು. ಇದು ಮುಗಿಯದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ನಡುವೆ ಒಂದು ಕಡೆ ಎಲ್ಲ ಸದ್ದೂ ನಿಂತಿತು. ಮುಂದಾಳು ಒಬ್ಬಳೇ ಮುಂದೆ ಬಂದು, ಸೊಂಟ ಬಗ್ಗಿಸಿ, ಒಂದು ಕೈ ಮೊಣಕಾಲಿಗೆ ಊರಿ, ಇನ್ನೊಂದು ಕೈಯ ಮುಷ್ಟಿಯಿಂದ ಎದೆಗೆ ಮೆಲ್ಲಗೆ ಬಡಿದು ಒತ್ತಿ ಹಿಡಿದಳು. ಭುಜಗಳು ಕುಲುಕಿದವು. ಆಮೇಲೆ ನೆಟ್ಟಗಾಗಿ ಮತ್ತೆ ಹೆಜ್ಜೆ ಹಾಕಿದಳು. ಕಂಪ್ಲಿಯಲ್ಲಿ ಈ ಜಾಗಕ್ಕೆ ಮಕ್ಕಳು ಕುಡುಕನೆಂದುಕೊಂಡು ಹೊಟ್ಟೆ ಹಿಡಿದು ನಕ್ಕಿದ್ದರು, ನಾನೂ ನಕ್ಕಿದ್ದೆ. ಇಲ್ಲಿ ಹಿಂದಿನ ಸಾಲಿನ ಹುಡುಗರು ನಕ್ಕರು. ಮುಂದಿನ ಸಾಲಿನ ಮುದುಕರಲ್ಲಿ ಒಬ್ಬನೂ ನಗಲಿಲ್ಲ.

ಕೊನೆಯ ಧಂ ಬಿದ್ದ ಮೇಲೆ ಚಪ್ಪಾಳೆ ತಡವಾಗಿ ಬಂತು. ಬಂದ ಮೇಲೆ ನಿಲ್ಲಲಿಲ್ಲ. ಬಸ್ಸಿನವರು ಹೆಲ್ಮೆಟ್ಟು ತಟ್ಟಿದರು. ಕಾರ್ಯದರ್ಶಿ ಕಣ್ಣೊರೆಸಿಕೊಳ್ಳುತ್ತ, "ಏನ್ ಮಸ್ತ್ ಕುಣಿದ್ರಿ ಮೇಡಂ," ಎಂದು ನಾನೇ ಕುಣಿದವಳ ಹಾಗೆ ನನಗೆ ಕೈ ಮುಗಿದ. ಮುಂದಾಳು ಆ ಗದ್ದಲವನ್ನೆಲ್ಲ ದಾಟಿ ನೇರ ಅಪ್ಪನ ಹತ್ತಿರ ಬಂದು, ಅವನ ಕುರ್ಚಿಯ ಎದುರಿಗೆ ಕಾಟಾದ ಅಂಚಿನ ಮೇಲೆ ಕುಳಿತಳು. ಮುಖದಿಂದ ಬೆವರು ಸುರಿಯುತ್ತಿತ್ತು. "ಕೇಳು," ಅಂದಳು ನನಗೆ.

"ಅಪ್ಪಾ, ಸರಿ ಐತೇನು ಅಂತ ಕೇಳಾಕತ್ಯಾಳ."

ಅಪ್ಪ ಕುರ್ಚಿಯನ್ನು ಮುಂದಕ್ಕೆ ಸರಿಸಿ, "ಅವರಪ್ಪಗ ಕೆಮ್ಮಿತ್ತೇನು, ಕೇಳು," ಅಂದ.

ನನಗೆ ರೇಗಿತು. "ಆಕಿ ಕೇಳೋದೇನು, ನೀ ಕೇಳೋದೇನು? ಸರಿ ಐತೋ ಇಲ್ಲೋ, ಅಷ್ಟು ಹೇಳು."

"ಕೇಳು ಅಂದ್ನೆಲ್ಲ."

ಕೇಳಿದೆ. ಆಕೆ ಬೆವರು ಒರೆಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. ಇತ್ತು, ಕೊನೆಗೆ ಅದರಲ್ಲೇ ಹೋದ, ಇವರಿಗೆ ಯಾರು ಹೇಳಿದರು ಅಂದಳು.

"ಆಕೀನ ಹೇಳಿದ್ಲಲ್ಲ," ಅಂದ ಅಪ್ಪ. "ನಡಕ ನಿಂತು ಬಗ್ಗಿ ಎದಿ ಹಿಡಕೊಂಡ್ಲಲ್ಲ, ಅದು ಕುಣತ ಅಲ್ಲವ್ವ. ಕೆಮ್ಮು. ಮುಟಗಿ ಎದಿಗೆ ಒತ್ತಿ ಹಿಡದ್ರ ದನಿ ಹೊರಗ ಬರಂಗಿಲ್ಲ. ಮಗ್ಗಲಕ ಇದ್ದವ್ರಿಗೂ ಗೊತ್ತಾಗಂಗಿಲ್ಲ."

ಇದನ್ನು ಇಂಗ್ಲಿಷಿಗೆ ತಿರುಗಿಸಲು ನನಗೆ ಹೊತ್ತು ಹಿಡಿಯಿತು. ಆಕೆ ತನ್ನ ಮುಷ್ಟಿಯನ್ನೇ ನೋಡಿಕೊಂಡಳು. ರಜೆಯ ದಿನ ಅಪ್ಪ ಅಂಗಳದಲ್ಲಿ ಕುಣಿಯುವಾಗ ಈ ಜಾಗಕ್ಕೆ ಬಂದರೆ ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಿದ್ದರಂತೆ. ನಗುವುದನ್ನು ನೋಡಿ ಅವನೂ ನಗುತ್ತಿದ್ದನಂತೆ. ನಗಿಸಲೆಂದೇ ಮಾಡುತ್ತಾನೆ ಎಂದುಕೊಂಡು, ಅವನು ಹೋದ ಮೇಲೆ ಅದನ್ನು ಹಾಗೇ ಕುಣಿತದಲ್ಲಿ ಉಳಿಸಿಕೊಂಡಳಂತೆ. ಎಲ್ಲ ದೇಶಗಳಲ್ಲೂ ಜನ ಅಲ್ಲಿ ನಕ್ಕಿದ್ದಾರೆ, ಆಗೆಲ್ಲ ತನಗೆ ಖುಷಿಯಾಗಿದೆ ಅಂದಳು. ಆಮೇಲೆ ಅಪ್ಪನ ಕಡೆಗೆ ಮುಖ ಎತ್ತಿ, ದನಿ ಹೊರಗೆ ಬರುವುದಿಲ್ಲ ಎಂದು ಇವರಿಗೆ ಹೇಗೆ ಗೊತ್ತು ಎಂದು ಕೇಳಿದಳು.

ನಾನು ಅದನ್ನೂ ತಿರುಗಿಸಿದೆ. ಅಪ್ಪ ನನ್ನ ಕಡೆ ನೋಡಲಿಲ್ಲ. ಅವಳನ್ನೇ ನೋಡುತ್ತ ಹೇಳಿದ.

"ನಾನೂ ಹಂಗ ಹಿಡಿತೀನವ್ವ. ಮನ್ಯಾಗ ಮಗಳು ಅಂಜತಾಳ ಅಂತ."

ಅಷ್ಟು ಹೇಳಿ, "ಹೇಳು ಆಕಿಗೆ," ಅಂದ.

ವಾರವಿಡೀ ಬೇರೆಯವರು ‘ನಾನು’ ಅಂದದ್ದನ್ನು ನಾನೂ ‘ನಾನು’ ಎಂದೇ ತಿರುಗಿಸಿದ್ದೆ. ಮಾತು ತಿರುಗಿಸುವವರ ರೂಢಿ ಅದು. ಹಾಗೆಯೇ ಹೇಳಿದೆ. ನಾನೂ ಹಾಗೆಯೇ ಹಿಡಿಯುತ್ತೇನೆ, ಮನೆಯಲ್ಲಿ ನನ್ನ ಮಗಳು ಹೆದರುತ್ತಾಳೆ ಎಂದು. ಮಗಳು ಅನ್ನುವಲ್ಲಿ ದನಿ ಒಡೆಯಿತು. ಅಪ್ಪನ ಕಡೆ ನೋಡಿ ಪೂರ್ತಿ ಮಾಡಿದೆ. ಆಕೆ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು.

"ಹೇಳಿದ್ಯೇನು?" ಅಂದ ಅಪ್ಪ.

"ಹೇಳಿದೆ."

"ಹಂಗಾದ್ರ ಇದನ್ನೂ ಹೇಳು. ಸರಿ ಐತಿ ಅನ್ನು. ಎಲ್ಲಾ ಸರಿ ಐತಿ, ಒಂದೂ ತಪ್ಪಿಲ್ಲ ಅನ್ನು."